ಗೈಡಣ್ಣ ಬೆಟ್ಟ ಹತ್ತಿದ್ದು

ಆ ಊರಿನಲ್ಲಿ ಬೆಟ್ಟದ ವಿಷಯ ಏನೇ ತಿಳಿಯಬೇಕಾದರೂ ಜನ ಹೋಗುತ್ತಿದ್ದುದು ಕ್ಷೌರದಂಗಡಿಗೆ. ಮೇಲೆ ಎರಡು ಕೊಳಗಳಿದ್ದವು, ಒಂದು ಜಲಪಾತವಿತ್ತು. ಯಾವ ತಿಂಗಳಲ್ಲಿ ನೀರು ಎಷ್ಟಿರುತ್ತದೆ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಕೂತು ಬುತ್ತಿ ಬಿಚ್ಚಿದರೆ ಗಾಳಿಯ ಕಾಟ ಕಡಿಮೆ, ಎಲ್ಲವನ್ನೂ ಅಂಗಡಿಯ ಯಜಮಾನ ಕತ್ತರಿ ಆಡಿಸುತ್ತಲೇ ಹೇಳಿಬಿಡುತ್ತಿದ್ದ. ಹೀಗಾಗಿ ಅವನ ಸ್ವಂತ ಹೆಸರು ಎಂದೋ ಮೂಲೆ ಸೇರಿ, ಗೈಡಣ್ಣ ಎಂಬ ಹೆಸರೇ ಗಟ್ಟಿಯಾಗಿ ನಿಂತಿತ್ತು. ಗೈಡಣ್ಣ ಬೆಟ್ಟವನ್ನು ಅರೆದು ಕುಡಿದವನು ಎಂದು ಊರೇ ಹೇಳುತ್ತಿತ್ತು. ಅವನು ಒಮ್ಮೆಯೂ ಬೆಟ್ಟ ಹತ್ತಿದವನಲ್ಲ ಎನ್ನುವುದು ಅವನಿಗೂ ಅವನ ಹೆಂಡತಿಗೂ ಮಾತ್ರ ಗೊತ್ತಿತ್ತು.

ಹತ್ತುವುದಾದರೂ ಯಾವಾಗ? ಊರಿಗೆ ರಜೆ ಇದ್ದ ದಿನವೇ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂಗಡಿಗೆ ರಜೆ ಇದ್ದ ದಿನ, ಹಾಸಿಗೆ ಹಿಡಿದ ಮುದುಕರ ಗಡ್ಡ ತೆಗೆಯಲು ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಬೇಕಿತ್ತು. ಬೆಟ್ಟವೇ ಅವನ ಬಳಿಗೆ ಬರುತ್ತಿತ್ತು ಎನ್ನಬೇಕು. ಹತ್ತಿ ಇಳಿದವರು ಬೆವರು, ಧೂಳು, ಬಟ್ಟೆಗಂಟಿದ ಮುಳ್ಳು ಸಮೇತ ಬಂದು ಕುರ್ಚಿಯಲ್ಲಿ ಕುಸಿದು ಬಾಯಿ ಬಿಡುತ್ತಿದ್ದರು. ಕುರ್ಚಿಯ ಹಿಂದಿನ ಗೋಡೆಯ ಮೇಲೆ ಬೆಟ್ಟದ ದೊಡ್ಡದೊಂದು ಚಿತ್ರವಿತ್ತು, ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಊರಿನಿಂದ ನೋಡಿದರೆ ಬೆಟ್ಟದ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಾಣುತ್ತಿದ್ದುದು ಈ ಚಿತ್ರದಲ್ಲೇ. ಅದು ಎದುರಿನ ಕನ್ನಡಿಯೊಳಗೆ ಚೆನ್ನಾಗಿ ಬೀಳುತ್ತಿತ್ತು. ಗಿರಾಕಿಗಳು ಹೊದಿಸಿದ ಬಟ್ಟೆಯೊಳಗಿಂದ ಕೈ ಹೊರತೆಗೆದು, ಕನ್ನಡಿಯತ್ತ ಬೆರಳು ಮಾಡಿ, "ನೋಡು, ಈ ಸೀಳುಬಂಡೆ ಹತ್ರ ತಿರುಗಬೇಕು. ಇಲ್ಲಿ ಚಿಕ್ಕಕೊಳ. ಮೇಲೆ ಇಲ್ಲಿ ದೊಡ್ಡಕೊಳ. ಅಲ್ಲಿಂದ ನೀರು ಹೀಗೆ ಬೀಳುತ್ತೆ" ಎನ್ನುತ್ತಿದ್ದರು. ಗೈಡಣ್ಣ ಅವರ ತಲೆಯ ಮೇಲಿಂದ ಕನ್ನಡಿ ನೋಡುತ್ತ ಹೂಂ ಹೂಂ ಎನ್ನುತ್ತಿದ್ದ. ವರ್ಷಗಟ್ಟಲೆ ಹೀಗೆ ನೋಡಿ ನೋಡಿ ಬೆಟ್ಟದ ಒಂದೊಂದು ಕಲ್ಲೂ ಅವನಿಗೆ ನೆಂಟನಾಗಿಬಿಟ್ಟಿತ್ತು.

ಇಷ್ಟರಲ್ಲಿ ಸುಳ್ಳೇನೂ ಇರಲಿಲ್ಲ. ಸುಳ್ಳು ಹುಟ್ಟಿದ್ದು ಮಗಳ ಅಳುವಿನಿಂದ. ಪುಟ್ಟಿ ಚಿಕ್ಕವಳಿದ್ದಾಗ, ಅಕ್ಕಪಕ್ಕದ ಮಕ್ಕಳೆಲ್ಲ ಅಪ್ಪಂದಿರ ಜೊತೆ ಬೆಟ್ಟಕ್ಕೆ ಹೊರಟ ಒಂದು ದಿನ, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದು ರಂಪ ಎಬ್ಬಿಸಿದಳು. ಗಿರಾಕಿಗಳು ಬಾಗಿಲ ತನಕ ಕೂತಿದ್ದರು. ಗೈಡಣ್ಣ ಕುರ್ಚಿಗೆ ಅಡ್ಡ ಹಲಗೆ ಇಟ್ಟು ಅವಳನ್ನು ಕೂರಿಸಿ, ಮುಂಗೂದಲು ಕತ್ತರಿಸುತ್ತ, "ನಾನು ನಿನ್ನಷ್ಟಿದ್ದಾಗ ಹೋಗಿದ್ದೆ ನೋಡು..." ಎಂದು ಶುರುಮಾಡಿದ. ಸೀಳುಬಂಡೆ ಬಂತು, ಚಿಕ್ಕಕೊಳ ಬಂತು, ಕೂತ ಎಮ್ಮೆಯಂಥ ಬಂಡೆ ಬಂತು, ಅಳು ನಿಂತಿತು. ಆಮೇಲೆ ಪ್ರತಿ ಸಲ ಕೂದಲು ಕತ್ತರಿಸುವಾಗಲೂ ಅದೇ ಕಥೆ ಬೇಕಾಯಿತು. "ಮುಂದಿನ ವಾರ ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಎಂಬ ಮಾತು ಕಥೆಯ ಬಾಲದಲ್ಲಿ ತಪ್ಪದೆ ಬರುತ್ತಿತ್ತು. ಆ ಮುಂದಿನ ವಾರ ಬರುವಷ್ಟರಲ್ಲಿ ಪುಟ್ಟಿ ಓದು ಮುಗಿಸಿ, ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವ ಕೆಲಸಕ್ಕೆ ಸೇರಿ, ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು.

ಈಗ ಅಂಗಡಿಯ ಬೀದಿಯನ್ನು ನೀರಿನ ಪೈಪಿಗಾಗಿ ಅಗೆದು ಹಾಕಿದ್ದರು. ಅಂಗಡಿ ಬಾಗಿಲು ಹಾಕಿತ್ತು. ಸುದ್ದಿ ತಿಳಿದದ್ದೇ ತಡ, ಪುಟ್ಟಿ ತನ್ನ ಮಾವನನ್ನೂ ಕಟ್ಟಿಕೊಂಡು ಬಂದಿಳಿದಳು.

"ಈಗೇನು ನೆಪ ಹೇಳ್ತೀಯಪ್ಪಾ? ಗಿರಾಕಿ ಇಲ್ಲ, ಅಂಗಡಿ ಇಲ್ಲ. ನಾಳೆ ಬೆಳಗ್ಗೆ ಹೊರಡೋದೇ."

ಮಾವ ಎಂದರೆ ಗೈಡಣ್ಣನ ಬೀಗರು, ಬಸ್ ಓಡಿಸಿ ನಿವೃತ್ತರಾದವರು. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ಒಂದೇ ಅಳತೆಗೆ ಕೂತುಬಿಟ್ಟಿತ್ತು. ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತಿತ್ತು. "ಬೀಗರೇ, ನಮ್ಮ ಸೊಸೆ ನಿಮ್ಮ ಬೆಟ್ಟದ ಕಥೆ ಹೇಳಿ ಹೇಳಿ ನಮ್ಮ ತಲೆ ತಿಂದಿದ್ದಾಳೆ. ಒಂದು ಸಲ ತೋರಿಸಿಬಿಡಿ, ಪುಣ್ಯ ಬರುತ್ತೆ."

ಮರುದಿನ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದ ಹೆಂಡತಿ, ಮೊಟ್ಟೆ ಬೇಯುವ ಸದ್ದಿನ ಮರೆಯಲ್ಲಿ ಗಂಡನ ಕಿವಿಗೆ ಬಾಯಿಟ್ಟಳು. "ರೀ, ಈಗಲೂ ಕಾಲ ಮಿಂಚಿಲ್ಲ. ಮಂಡಿನೋವು ಅಂತ ನಾನೇ ಹೇಳಿಬಿಡ್ಲಾ?"

"ಸುಮ್ನಿರೇ. ದಾರಿ ನನಗೆ ಬಾಯಿಪಾಠ. ಕಾಲೊಂದು ಹೋಗಿಲ್ಲ, ಮಿಕ್ಕಿದ್ದೆಲ್ಲ ಹೋಗಿ ಬಂದಿದೆ."

ಬಾಯಿಯೇನೋ ಹೀಗೆಂದಿತು, ಮನಸ್ಸು ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿತ್ತು. ಬೀಗರ ಮುಂದೆ ಮಾನ ಹೋದರೆ ಹೋಗಲಿ, ಅವರು ಅಪರೂಪಕ್ಕೆ ಬರುವವರು, ನಕ್ಕು ಹೋಗುತ್ತಾರೆ. ಪುಟ್ಟಿಯ ಕಣ್ಣಲ್ಲಿ ತಾನು ಬರೀ ಬುರುಡೆ ಬಿಟ್ಟವನಾದರೆ? ಗೈಡಣ್ಣ ಅವಳಿಗೆ ದೊಡ್ಡ ಶಾಲೆ ಕೊಡಿಸಿರಲಿಲ್ಲ, ಒಡವೆ ಮಾಡಿಸಿರಲಿಲ್ಲ. ಕೊಟ್ಟಿದ್ದೆಂದರೆ ಆ ಕಥೆಯೊಂದೇ. ಅದೂ ಖೋಟಾ ಎಂದು ಗೊತ್ತಾದ ಮೇಲೆ ಅವಳು ತನ್ನನ್ನು ಹೇಗೆ ನೋಡಬಹುದು ಎಂದು ನೆನೆದರೇ ಅವನಿಗೆ ಭಯವಾಗುತ್ತಿತ್ತು.

ಬೆಟ್ಟದ ಬುಡಕ್ಕೆ ಹೋಗುವ ಬಸ್ಸಿನಲ್ಲಿ ಬೀಗರು ಸುಮ್ಮನೆ ಕೂರಲಿಲ್ಲ. ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ, ಗೇರು ಬದಲಾದಾಗಲೆಲ್ಲ ತಮಗೇ ಹಲ್ಲುನೋವು ಬಂದಂತೆ ಮುಖ ಹಿಂಡುತ್ತಿದ್ದರು. ಇಳಿಯುವಾಗ ಚಾಲಕನಿಗೆ ಎರಡು ಬುದ್ಧಿಮಾತು ಹೇಳಿಯೇ ಇಳಿದರು. ಮೇಲೆ ಮಂಜು ಕವಿದಿತ್ತು. ಬೆಟ್ಟ ಎನ್ನುವುದು ಒಂದು ಬಿಳಿ ಗೋಡೆಯಂತೆ ನಿಂತಿತ್ತು, ಶಿಖರವೂ ಇಲ್ಲ, ಕೊಳವೂ ಇಲ್ಲ. ಗೈಡಣ್ಣನಿಗೆ ಅದೇ ಒಂದು ಸಮಾಧಾನ.

ದಾರಿ ಹಿತವಾಗಿತ್ತು. ಗಿಡಗಳ ಮೇಲೆ ಇಬ್ಬನಿ, ಕಾಲಡಿ ಒದ್ದೆ ಎಲೆ. ಗೈಡಣ್ಣ ಮುಂದೆ, ಪುಟ್ಟಿ ಅವನ ಬೆನ್ನಿಗೆ, ಹಿಂದೆ ಹೆಂಡತಿ, ಕೊನೆಗೆ ಏದುಸಿರಿನ ನಡುವೆಯೂ ಮಾತು ಬಿಡದ ಬೀಗರು. "ಬೀಗರೇ, ಇಲ್ಲೊಂದು ಸ್ಟಾಪ್ ಕೊಡಿ! ಪ್ರಯಾಣಿಕರು ಇಳೀಬೇಕಂತೆ!" ಎಂದು ಅವರು ಕೂಗಿದಾಗಲೆಲ್ಲ ಎಲ್ಲರೂ ನಿಂತು ನೀರು ಕುಡಿದರು. ಕೊನೆಗೆ ಸೀಳುಬಂಡೆ ಬಂತು. ಗಿರಾಕಿಗಳು ಹೇಳಿದ ಹಾಗೆಯೇ, ನಡುವೆ ಸೀಳಿಕೊಂಡು, ಸೀಳಿನಲ್ಲಿ ಒಂದು ಗಿಡ ಬೆಳೆದು ನಿಂತಿತ್ತು. ಗೈಡಣ್ಣನಿಗೆ ಅದನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

ಅಲ್ಲಿಂದ ದಾರಿ ಎರಡಾಗುತ್ತಿತ್ತು. ಪಕ್ಕದಲ್ಲೊಂದು ಕಂಬವಿತ್ತು, ಅದರ ಮೇಲಿರಬೇಕಾಗಿದ್ದ ಫಲಕ ಯಾರ ಒಲೆ ಸೇರಿತ್ತೋ ಏನೋ. ಗೈಡಣ್ಣನಿಗೆ ಫಲಕದ ಹಂಗೇನೂ ಇರಲಿಲ್ಲ. ಕಣ್ಣು ಮುಚ್ಚಿದ, ಕನ್ನಡಿಯನ್ನು ನೆನೆದ, ಕೈ ಎತ್ತಿದ.

"ಎಡಕ್ಕೆ. ಇನ್ನು ಸ್ವಲ್ಪ ನಡೆದರೆ ಚಿಕ್ಕಕೊಳ."

ಸ್ವಲ್ಪ ನಡೆದರು. ಇನ್ನೂ ಸ್ವಲ್ಪ ನಡೆದರು. ಕೊಳದ ಸುಳಿವಿಲ್ಲ. ಅದರ ಬದಲು ಎಲ್ಲೋ ಗುಡುಗಿದಂಥ ಒಂದು ಸದ್ದು ಶುರುವಾಗಿ, ಹೆಜ್ಜೆ ಹೆಜ್ಜೆಗೂ ದೊಡ್ಡದಾಗತೊಡಗಿತು. ಗಾಳಿ ತಣ್ಣಗಾಯಿತು. ಗೈಡಣ್ಣ ಕತ್ತು ಚಾಚಿ ಪೊದೆಗಳಾಚೆ ಇಣುಕಿದ. ಕೊಳಗಳನ್ನು ದಾಟಿದ ಮೇಲೆ ಕೊನೆಯಲ್ಲಿ ಸಿಗಬೇಕಾಗಿದ್ದ ಜಲಪಾತ, ಕೊಳಗಳಿಗೆ ಮೊದಲೇ ಬಂದು ಕೂತಿದ್ದರೆ ಅವನಾದರೂ ಏನು ಮಾಡಿಯಾನು? ಪೊದೆಗಳ ತಿರುವು ಕಳೆದದ್ದೇ, ಮೇಲಿನಿಂದ ಕೆಳಗಿನವರೆಗೆ ಬೆಳ್ಳಗೆ, ಅದು ಎದುರಿಗೇ ನಿಂತಿತ್ತು.

"ಅಬ್ಬಬ್ಬಾ! ಇಷ್ಟು ದೊಡ್ಡದಾ!" ಗೈಡಣ್ಣನ ಬಾಯಿಂದ ಮಾತು ಜಾರಿಹೋಯಿತು.

ಬೀಗರು ತಟ್ಟನೆ ಹಿಡಿದರು. "ಯಾಕೆ ಬೀಗರೇ, ನೀವು ಹೋದ ಸಲ ಬಂದ ಮೇಲೆ ಬೆಳೆದುಬಿಟ್ಟಿದೆಯಾ?"

ಗೈಡಣ್ಣ ಬಾಯಿ ತೆರೆದು ನೀರನ್ನೇ ನೋಡುತ್ತಿದ್ದ. ಇಷ್ಟು ವರ್ಷ ಅಷ್ಟೊಂದು ಜನ ಹೇಳಿದ್ದರಲ್ಲ, ಈ ಸದ್ದು ಕಿವಿಯಿಂದಲ್ಲ, ಕಾಲಿನಿಂದ ಮೈಯೊಳಗೆ ಬರುತ್ತದೆ ಎಂದು ಒಬ್ಬನಾದರೂ ಹೇಳಿದ್ದನೇ? ನೀರ ಹನಿ ಇಷ್ಟು ದೂರದಿಂದಲೇ ಮುಖಕ್ಕೆ ಅಂಟುತ್ತದೆ ಎಂದು? ಅವನು ಚಪ್ಪಲಿ ಕಳಚಿ, ಪ್ಯಾಂಟು ಮಂಡಿಗೇರಿಸಿ ನೀರಿಗಿಳಿದ. ಚಳಿಗೆ ಕುಣಿದ. ಹೆಂಡತಿಯ ಮೇಲೆ ನೀರೆರಚಿ, "ಥೂ, ಈ ವಯಸ್ಸಲ್ಲಿ!" ಎಂದು ಬೈಸಿಕೊಂಡ. ಅವಳೂ ಬೈಯುತ್ತಲೇ ಇನ್ನೊಂದು ಬೊಗಸೆ ತಿರುಗಿ ಎರಚಿದಳು. ಬೀಗರು ಅಂಗಿ ಬಿಚ್ಚಿ ನೀರಿನಂಚಿಗೆ ತಲೆಯೊಡ್ಡಿ, ಹಾರ್ನ್ ಹೊಡೆದ ಹಾಗೆ ಕಿರುಚಿದರು. ಆಮೇಲೆ ಬಂಡೆಯ ಮೇಲೆ ಕೂತು ಎಲ್ಲರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ ತಿಂದು, ಫ್ಲಾಸ್ಕಿನ ಚಹಾ ಕುಡಿದರು. ಗೈಡಣ್ಣ ತನ್ನ ಸುಳ್ಳನ್ನೇ ಮರೆತಿದ್ದ.

ಮರೆಯದಿದ್ದವಳು ಪುಟ್ಟಿ. ಮಂಜು ಚದುರುತ್ತಿತ್ತು. ಅವಳು ಮೊಟ್ಟೆಯನ್ನು ಅರ್ಧ ಕಚ್ಚಿ, ಜಲಪಾತದ ಬಲಕ್ಕಿದ್ದ ಒಂದು ಬಂಡೆಯನ್ನೇ ನೋಡುತ್ತ ಕೂತಿದ್ದಳು. ಕೂತ ಎಮ್ಮೆಯ ಹಾಗೆ, ಬೆನ್ನು, ಕೊಂಬು, ಎಲ್ಲ ಇತ್ತು. ಕಥೆಯಲ್ಲಿ ಅದು ಎಡಕ್ಕಿತ್ತು. ಆಮೇಲೆ ಶಿಖರದತ್ತ ನೋಡಿದಳು. ಕಥೆಯ ಶಿಖರ ಎಡಕ್ಕೆ ವಾಲಿತ್ತು. ಇದು ಬಲಕ್ಕೆ ವಾಲಿ ನಿಂತಿತ್ತು. ಅವಳು ಹೀಗೆ ನೋಡುತ್ತ ಕೂತರೆ ಒಳಗೆ ಏನೋ ಲೆಕ್ಕ ನಡೆದಿದೆ ಎಂದೇ ಅರ್ಥ, ಅದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಚಹಾದ ಲೋಟ ಕೆಳಗಿಟ್ಟ.

"ಅಪ್ಪಾ, ನಾವಿಬ್ಬರೂ ಮೇಲೆ ಹೋಗಿ ದೊಡ್ಡಕೊಳ ನೋಡೋಣ ಬಾ. ಮಾವ, ಅಮ್ಮ, ನೀವು ನಿಧಾನಕ್ಕೆ ಬನ್ನಿ" ಎಂದು ಅವಳು ಎದ್ದಳು.

ಜಲಪಾತದ ಪಕ್ಕದಲ್ಲೇ ಕಲ್ಲು ಹಿಡಿದು ಹತ್ತುವ ದಾರಿ. ಇಬ್ಬರೂ ಒಬ್ಬರ ಹಿಂದೊಬ್ಬರು ಹತ್ತಿದರು. ಮೇಲೇರಿ ನಿಂತಾಗ ಕಣ್ಣೆದುರು ದೊಡ್ಡಕೊಳ ತೆರೆದುಕೊಂಡಿತು. ಗಾಳಿಯಿಲ್ಲದ ಹೊತ್ತು, ನೀರು ಅಲುಗದೆ ನಿಂತಿತ್ತು, ಆಕಾಶ ಪೂರ್ತಿ ಅದರೊಳಗಿತ್ತು. ಗೈಡಣ್ಣನಿಗೆ ಅದನ್ನು ನೋಡುವ ಆಸೆ, ಮಗಳ ಮುಖ ನೋಡುವ ಭಯ.

"ಅಪ್ಪಾ, ಎದೆಯ ಎಕ್ಸ್‌-ರೇ ಫಿಲ್ಮನ್ನ ಮಗುಚಿ ಹಾಕಿದ್ರೆ ಏನಾಗುತ್ತೆ ಗೊತ್ತಾ? ಹೃದಯ ಬಲಗಡೆ ಇದ್ದ ಹಾಗೆ ಕಾಣುತ್ತೆ. ಮಿಕ್ಕಿದ್ದೆಲ್ಲ ಸರಿಯಾಗೇ ಇರುತ್ತೆ. ಒಂದು ಮೂಳೆನೂ ತಪ್ಪಿರಲ್ಲ. ಅದಕ್ಕೇ ನಾವು ಎಡ ಬಲಕ್ಕೆ ಒಂದು ಗುರುತು ಇಟ್ಟು ತೆಗೀತೀವಿ."

ಗೈಡಣ್ಣ ಹೂಂ ಎಂದ.

"ನೀನು ಹೇಳಿದ್ದೂ ಹಾಗೇ ಇದೆ. ಎಮ್ಮೆಬಂಡೆ ಇದೆ, ಸೀಳುಬಂಡೆ ಇದೆ, ಎಲ್ಲ ಇದೆ. ಬರೀ ಎಡದ್ದು ಬಲಕ್ಕಿದೆ, ಬಲದ್ದು ಎಡಕ್ಕಿದೆ. ಇದು ಕಣ್ಣಾರೆ ಕಂಡೋರು ಮಾಡೋ ತಪ್ಪಲ್ಲ. ಇಡೀ ದಿನ ಕನ್ನಡಿಗೆ ಮುಖ ಮಾಡಿ ನಿಂತೋನು ಮಾಡೋ ತಪ್ಪು." ಅವಳು ಅಪ್ಪನತ್ತ ತಿರುಗಿದಳು. "ನೀನು ಇಲ್ಲಿಗೆ ಬಂದೇ ಇಲ್ಲ. ಅಲ್ವಾ?"

ಅಂಗಡಿಯ ಚಿತ್ರವನ್ನು ಗೈಡಣ್ಣ ನೇರವಾಗಿ ನೋಡುತ್ತಿದ್ದುದು ಧೂಳು ಹೊಡೆಯುವಾಗ ಮಾತ್ರ, ಆಗ ಕಣ್ಣಿಗೆ ಬೀಳುತ್ತಿದ್ದುದು ಧೂಳೇ ಹೊರತು ಬೆಟ್ಟವಲ್ಲ. ತನ್ನ ಮಾತು ನಂಬಿ ಸೀಳುಬಂಡೆಯಲ್ಲಿ ಎಡಕ್ಕೆ ತಿರುಗಿದ ಪರವೂರಿನವರೆಲ್ಲ ಒಮ್ಮೆಲೇ ಕಣ್ಣಮುಂದೆ ಬಂದರು. ಅವರ ಗತಿ ಏನಾಯಿತೋ, ತಿರುಗಿ ಬಂದು ಜಗಳವಾಡಿದವರಂತೂ ಇಲ್ಲ. ಅವನಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು.

"ಇಲ್ಲ ಪುಟ್ಟಿ" ಎಂದ. ತಲೆ ಎತ್ತಲಿಲ್ಲ. "ಬಂದಿಲ್ಲ."

ಮಗಳು ರೇಗುತ್ತಾಳೆ ಎಂದು ಕಾದ. ಇಲ್ಲವೇ ನಗುತ್ತಾಳೆ, ಅದು ಇನ್ನೂ ಕಷ್ಟ. ಎರಡೂ ಆಗಲಿಲ್ಲ. ಮೆಲ್ಲಗೆ ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ನನಗೆ ಎಷ್ಟು ಸಿಟ್ಟಿತ್ತು ಗೊತ್ತಾ ನಿನ್ನ ಮೇಲೆ?"

"ಇರೋದೇ ಮಗಳೇ. ಸುಳ್ಳು ಹೇಳಿದ್ದು ತಪ್ಪೇ..."

"ಸುಳ್ಳಿಗಲ್ಲಪ್ಪಾ! ಸುಳ್ಳು ಅಂತ ಗೊತ್ತಾಗಿದ್ದೇ ಈಗ. ಚಿಕ್ಕವಳಿದ್ದಾಗಿಂದ ಸಿಟ್ಟು. ಇಷ್ಟು ಚೆನ್ನಾಗಿರೋದನ್ನೆಲ್ಲ ತಾನು ನೋಡ್ಕೊಂಡು ಬಂದಿದ್ದಾನೆ, ನನ್ನನ್ನ ಮಾತ್ರ ಕರ್ಕೊಂಡು ಹೋಗಲ್ಲ ಅಂತ. ನೀನು ಕಥೆ ಹೇಳಿದಾಗೆಲ್ಲ ಬಾಯಿ ಬಿಟ್ಕೊಂಡು ಕೇಳ್ತಿದ್ದೆ, ಆಮೇಲೆ ಹೋಗಿ ದಿಂಬು ಗುದ್ದುತ್ತಿದ್ದೆ. ಅಂಗಡಿ ಅಂದ್ರೇನೇ ಆಗ್ತಿರಲಿಲ್ಲ ನನಗೆ." ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನೀನೂ ನೋಡಿರಲಿಲ್ಲ ಅಂದ್ರೆ, ನನ್ನ ಬಿಟ್ಟು ಹೋಗಿರಲಿಲ್ಲ ಅಂತ ಆಯ್ತಲ್ಲ."

ಊರಿನ ಅರ್ಧ ತಲೆಗಳನ್ನು ಮಾತಿನಲ್ಲೇ ಬೋಳಿಸಿದ ಮನುಷ್ಯ, ಮಗಳ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತ. ಕಾಪಾಡಿಕೊಳ್ಳಬೇಕೆಂದು ಇಷ್ಟು ವರ್ಷ ಒದ್ದಾಡಿದ ಕಥೆಯೇ ಅವಳಿಗೆ ಚುಚ್ಚುತ್ತಿತ್ತು ಎನ್ನುವುದು ಅವನ ಕನಸಿನಲ್ಲೂ ಬಂದಿರಲಿಲ್ಲ. ಬೇಜಾರಾಯಿತು. ಬೇಜಾರಿಗಿಂತ ಹೆಚ್ಚಾಗಿ ಎದೆ ಹಗುರವಾಯಿತು.

ಅಷ್ಟರಲ್ಲಿ ಕೆಳಗಿನಿಂದ ಏದುಸಿರು, ಅದರ ಹಿಂದೆ ದನಿ, ಅದರ ಹಿಂದೆ ಬೀಗರು ಬಂದರು. ಜೊತೆಯಲ್ಲಿ ಗೈಡಣ್ಣನ ಹೆಂಡತಿ. ಅಪ್ಪ ಮಗಳ ಮುಖ ನೋಡಿದ್ದೇ ಗುಟ್ಟು ರಟ್ಟಾಯಿತು ಎಂದು ಅವಳಿಗೆ ಗೊತ್ತಾಗಿಹೋಯಿತು.

"ಅಮ್ಮಾ, ನಿನಗೂ ಗೊತ್ತಿತ್ತಾ?"

"ಗೊತ್ತಿಲ್ದೆ ಏನೇ? ಆದ್ರೂ ನಿಮ್ಮಪ್ಪ ನಿನ್ನ ಕೂದಲು ಕತ್ತರಿಸ್ತಾ ಕಥೆ ಶುರುಮಾಡಿದ್ರೆ ಒಲೆ ಸಣ್ಣಗೆ ಮಾಡಿ ಬಂದು ಬಾಗಿಲ ಹಿಂದೆ ನಿಂತ್ಕೋತಿದ್ದೆ. ನಾನೂ ಎಲ್ಲಿ ಹೋಗಿದ್ದೆ ಬೆಟ್ಟಕ್ಕೆ?"

ಬೀಗರಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ತಡೆಯಲಾರದೆ ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ನಗು ಕೊಳದಾಚೆಯ ಬಂಡೆಗೆ ಹೊಡೆದು ತಿರುಗಿ ಬಂತು. "ಅಲ್ಲ ಬೀಗರೇ, ನಾನೂ ಜೀವಮಾನವೆಲ್ಲ ಕನ್ನಡಿ ನೋಡ್ಕೊಂಡೇ ಬಸ್ ಓಡಿಸಿದೋನು. ಕನ್ನಡಿ ನೋಡಿ ಹಿಂದಕ್ಕೆ ಹೋಗಬಹುದು. ಮುಂದಕ್ಕೆ ಹೋಗೋದನ್ನ ಮಾತ್ರ ನಿಮ್ಮ ಹತ್ರಾನೇ ಕಲೀಬೇಕು!"

"ನಗಿ ನಗಿ. ನಾಳೆ ಗಡ್ಡ ತೆಗೆಸಿಕೊಳ್ಳೋಕೆ ನನ್ನ ಮುಂದೇ ತಾನೇ ಕೂರೋದು ನೀವು?" ಎಂದ ಗೈಡಣ್ಣ. ತಾನೂ ನಕ್ಕ. ತನ್ನ ಮೇಲೇ ಇಷ್ಟು ಧಾರಾಳವಾಗಿ ನಕ್ಕು ಯಾವ ಕಾಲವಾಗಿತ್ತೋ.

ಚಿಕ್ಕಕೊಳ ನೋಡಿಯೇ ಇಳಿಯುವುದೆಂದು ತೀರ್ಮಾನವಾಯಿತು. ದೊಡ್ಡಕೊಳದ ದಂಡೆ ಹಿಡಿದು ಬಲಕ್ಕೆ ಹೋದರೆ ಅದು ಸಿಗಬೇಕು ಎಂದು ಪುಟ್ಟಿ ಅಪ್ಪನ ಕಥೆಯನ್ನು ಮಗುಚಿ ಹಾಕಿ ಲೆಕ್ಕ ಹೇಳಿದಳು. ಸಿಕ್ಕಿತು ಕೂಡ. ಸುತ್ತ ಹುಲ್ಲು ಬೆಳೆದ, ಪುಟ್ಟ, ಹಸಿರು ನೀರಿನ ಕೊಳ. ಹೆಂಡತಿ ಅದರ ಪಕ್ಕದ ಹುಲ್ಲಿನಲ್ಲಿ ಕಾಲು ಚಾಚಿ, ಇನ್ನು ನನ್ನನ್ನು ಎಬ್ಬಿಸಬೇಡಿ ಎಂದಳು. ಬೀಗರು ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದರು, ಮಲಗಿಯೂ ಏನೋ ಹೇಳುತ್ತಲೇ ಇದ್ದರು.

ಕೊಳದ ಆಚೆ ಒಂದು ದಿಬ್ಬವಿತ್ತು. ಅದರ ನೆತ್ತಿಯ ಮೇಲೆ ಸವೆದ ಕಾಲುದಾರಿಯೊಂದು ಏರಿ ಮರೆಯಾಗುತ್ತಿತ್ತು. ಪುಟ್ಟಿ ಅದನ್ನೇ ನೋಡುತ್ತ ಕೇಳಿದಳು.

"ಅಪ್ಪಾ, ಆ ಕಡೆ ಏನಿದೆ?"

ಗೈಡಣ್ಣನ ಬಾಯಿ ರೂಢಿಯಂತೆ ತೆರೆದುಕೊಂಡಿತು. ನಾಲಗೆಯ ತುದಿಗೆ ಒಂದು ಕಣಿವೆ ಬಂದಿತ್ತು, ಕಣಿವೆಯಲ್ಲೊಂದು ನದಿ, ನದಿಗೊಂದು ಸೇತುವೆ. ಅಷ್ಟನ್ನೂ ಅವನು ನುಂಗಿಕೊಂಡ.

"ಗೊತ್ತಿಲ್ಲ ಪುಟ್ಟಿ."

"ನಿಜವಾಗ್ಲೂ ಗೊತ್ತಿಲ್ವಾ?"

"ನಿಜವಾಗ್ಲೂ ಗೊತ್ತಿಲ್ಲ."

ಅವಳ ಮುಖ ಅರಳಿತು. ಹಲಗೆಯ ಮೇಲೆ ಕೂತು ಕಥೆ ಕೇಳುತ್ತಿದ್ದಾಗಲೂ ಅದು ಇಷ್ಟು ಅರಳಿದ್ದನ್ನು ಅವನು ಕಂಡಿರಲಿಲ್ಲ. ಅವನ ಕೈ ಹಿಡಿದು ಎಳೆದಳು. "ಹಾಗಾದ್ರೆ ಬೇಗ ಬಾ" ಎಂದಳು. ಗೈಡಣ್ಣ ಮಂಡಿಯನ್ನು ಒಮ್ಮೆ ನೀವಿಕೊಂಡು, ಮಗಳ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ದಿಬ್ಬ ಹತ್ತತೊಡಗಿದ.